ಬಾಯ್ಲರಿನಲ್ಲಿ ವಾಸವಾಗಿರುವವರ ಬಗ್ಗೆ

ಸಾವಿರದ ಒಂಬೈನೂರ ಎಪ್ಪತ್ತೆಂಟನೇ ಇಸವಿ ಫೆಬ್ರವರಿ ಆರರಂದು, ಸೋಮವಾರ ಬೆಳಿಗ್ಗೆ ಆರೂಕಾಲು ಗಂಟೆಗೆ, ಉಡುಪಿ ಬನ್ನಂಜೆಯ ಸರಕಾರಿ ವಸತಿಗೃಹ ಸಂಖ್ಯೆ ನಾಲ್ಕರ ಬಚ್ಚಲಿನಲ್ಲಿದ್ದ ತಾಮ್ರದ ಬಾಯ್ಲರ್ ಶಬ್ದ ಮಾಡಿತು. ಮೊದಲು ಗುಡುಗುಡು ಎಂದಿತು. ಆಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿಯಿತು. ಬಾಯ್ಲರ್ ಸರಕಾರದ್ದೆಂಬ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಶಬ್ದ ಯಾರದ್ದೆಂಬುದು ಮಾತ್ರ ಆ ಹೊತ್ತಿಗೆ ತೀರ್ಮಾನವಾಗಿರಲಿಲ್ಲ.

ಮನೆಯ ಯಜಮಾನ ಇಮ್ಯಾನುಯೆಲ್ ಮಥಾಯಸರು ವಸತಿಗೃಹಗಳ ನಿರ್ವಹಣಾ ಕಚೇರಿಯಲ್ಲಿ ಟಪ್ಪಾಲು ಗುಮಾಸ್ತರು. ಅವರ ಮಗಳು ಸೆಲೀನ್ ಹೆರಿಗೆಗೆಂದು ತವರಿಗೆ ಬಂದು, ಹೆಣ್ಣು ಮಗುವನ್ನು ಹೆತ್ತು ಹನ್ನೊಂದು ದಿನವಾಗಿತ್ತು. ಬಾಣಂತಿಗೆ ನಲವತ್ತು ದಿನ ಬಿಸಿಬಿಸಿ ನೀರಿನ ಸ್ನಾನ ಆಗಲೇಬೇಕು. ಆದರೆ ಆ ಬಡಿತ ಕೇಳಿದ ಮೇಲೆ ಮಥಾಯಸರ ಹೆಂಡತಿ ಒಲಿಂಡಾ ಬಾಯ್ಲರಿಗೆ ಬೆಂಕಿ ಹಾಕಲು ಬಿಡಲಿಲ್ಲ. ಒಡೆದುಹೋದರೆ ಗತಿ ಏನೆಂದು ಹೆದರಿದರು. ಸುದ್ದಿ ಕಾರ್ಕಳಕ್ಕೆ ಮುಟ್ಟಿತು. ಸೆಲೀನಳ ಅತ್ತೆ ಕ್ಲಾರಾ ಬಾಯಿ, ನಿಮ್ಮಲ್ಲಿ ಬಿಸಿನೀರಿಗೆ ಗತಿ ಇಲ್ಲದಿದ್ದರೆ ಶನಿವಾರ ಜೀಪು ತಂದು ಸೊಸೆ, ಮೊಮ್ಮಗಳು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಕಳುಹಿಸಿದರು. ಮಥಾಯಸರಿಗೆ ಆ ಮಗುವಿನ ಮೇಲೆ ಹುಚ್ಚು ಪ್ರೀತಿ. ಹನ್ನೊಂದು ದಿನದಲ್ಲಿ ಅವರು ಒಂದು ದಿನವೂ ಊಟಕ್ಕೆ ಮನೆಗೆ ಬರುವುದನ್ನು ತಪ್ಪಿಸಿರಲಿಲ್ಲ. ಬಂದು ಊಟ ಮಾಡುವುದನ್ನು ಮಾತ್ರ ಮರೆಯುತ್ತಿದ್ದರು.

ಅಂದೇ ಅವರು ಅರ್ಜಿ ಬರೆದರು. ಕಚೇರಿಗೆ ಹೋಗಿ, ತಮ್ಮ ಅರ್ಜಿಯನ್ನು ತಾವೇ ಸ್ವೀಕರಿಸಿ, ಮೊಹರು ಹಾಕಿ, ಅಧಿಕಾರಿ ಹೃಷೀಕೇಶ ರಾಯರ ಮೇಜಿನ ಮೇಲಿಟ್ಟರು. ನಮೂನೆಯಲ್ಲಿ ಶಬ್ದದ ವಿಧ ಎಂಬ ಕಾಲಂ ಇತ್ತು: ಗೊಣಗು, ಗುಡುಗು, ಶಿಳ್ಳೆ, ಇತರೆ. ಮಥಾಯಸರು ಪ್ರಾಮಾಣಿಕರು. ‘ಇತರೆ’ಯ ಎದುರು, ‘ಯಾರೋ ಒಳಗಿನಿಂದ ಬಡಿದ ಹಾಗೆ’ ಎಂದು ಬರೆದಿದ್ದರು.

ಮಂಗಳವಾರ ಉತ್ತರ ಸಿದ್ಧವಾಯಿತು. ಅದನ್ನು ಲಕೋಟೆಗೆ ಹಾಕಿ ಅಂಟಿಸಿದವರೂ ಮಥಾಯಸರೇ. ಕಚೇರಿಯ ಗುಟ್ಟು ಓದುವ ಚಾಳಿ ಅವರಿಗಿರಲಿಲ್ಲವಾದ್ದರಿಂದ, ಮರುದಿನ ಮನೆಗೆ ಅಂಚೆಯಲ್ಲಿ ಬಂದ ಮೇಲೆಯೇ ಒಡೆದು ನೋಡಿದರು.

‘ತಮ್ಮ ಅರ್ಜಿಯ ಪ್ರಕಾರ ಬಾಯ್ಲರಿನ ಒಳಗಿನಿಂದ ಯಾರೋ ಬಡಿಯುತ್ತಿರುತ್ತಾರೆ. ವಸತಿ ನಿಯಮ ಹನ್ನೊಂದರಂತೆ ವಸತಿಗೃಹದ ಯಾವುದೇ ಭಾಗದಲ್ಲಿ ಅನುಮತಿ ಇಲ್ಲದೆ ಯಾರೂ ವಾಸಿಸತಕ್ಕದ್ದಲ್ಲ. ಸದರಿಯವರ ಹೆಸರು, ವಯಸ್ಸು ಮತ್ತು ಅವರಿಗೂ ತಮಗೂ ಇರುವ ಸಂಬಂಧವನ್ನು ಕೂಡಲೇ ತಿಳಿಸತಕ್ಕದ್ದು.’

ಒಳಗೆ ಯಾರೂ ಇಲ್ಲವೆಂದು ಮಥಾಯಸರು ವಿನಯದಿಂದ ಬರೆದುಕೊಟ್ಟರು. ಗುರುವಾರ ಮಧ್ಯಾಹ್ನ ಅದಕ್ಕೂ ಉತ್ತರ ಬಂತು. ತುರ್ತು ಎಂಬ ಕಾರಣಕ್ಕೆ ಈ ಸಲ ಕೈಗೇ ಕೊಟ್ಟರು.

‘ಒಳಗೆ ಯಾರೂ ಇಲ್ಲದಿದ್ದಲ್ಲಿ, ಬಡಿದವರು ಯಾರೆಂಬುದನ್ನು ವಿವರಿಸತಕ್ಕದ್ದು. ನಾಳೆ ಶುಕ್ರವಾರ ಪೂರ್ವಾಹ್ನ ಹನ್ನೊಂದು ಗಂಟೆಗೆ ಸ್ಥಳ ಪರಿಶೀಲನೆ ನಡೆಯಲಿದ್ದು, ಆ ವೇಳೆಗೆ ಶಬ್ದವನ್ನು ಹಾಜರಿರಿಸತಕ್ಕದ್ದು. ತಪ್ಪಿದಲ್ಲಿ ಅರ್ಜಿಯನ್ನು ಸುಳ್ಳೆಂದು ಪರಿಗಣಿಸಿ, ಏಳು ದಿನಗಳೊಳಗೆ ವಸತಿಗೃಹವನ್ನು ತೆರವುಗೊಳಿಸಲಾಗುವುದು.’

ಮಥಾಯಸರು ಹೆದರಲಿಲ್ಲ. ಶಬ್ದವೊಂದು ಮನೆಯಲ್ಲಿ ಉಂಟಲ್ಲ ಎಂಬ ಧೈರ್ಯವಿತ್ತು. ಆದರೆ ಸಂಜೆ ಮನೆಗೆ ಬಂದಾಗ ಬಾಯ್ಲರಿನ ಕೆಳಗೆ ಬೆಂಕಿ ಧಗಧಗ ಉರಿಯುತ್ತಿತ್ತು, ನೀರು ಕುದಿಯುತ್ತಿತ್ತು, ಶಬ್ದ ಮಾತ್ರ ಇರಲಿಲ್ಲ. ಬಾಣಂತಿಯ ಆರೈಕೆಗೆಂದು ಎರ್ಮಾಳಿನಿಂದ ಬಂದಿದ್ದ ಅವರ ಅತ್ತೆ, ಒಲಿಂಡಾಳ ತಾಯಿ ಅಪೊಲೋನಿಯಾ ಬಾಯಿ, ಒಲೆಗೆ ತೆಂಗಿನ ಕರಟ ನೂಕುತ್ತಿದ್ದರು.

“ಶಬ್ದ ಎಂತ ಆಯ್ತು, ಮಾಂಯ್?” ಎಂದು ಅಳಿಯ ಕೇಳಿದರು.

“ಬಾವಿ ನೀರಿನ ಉಪ್ಪು ತಳದಲ್ಲಿ ಕಲ್ಲು ಕಟ್ಟಿತ್ತು. ನಿನ್ನೆಯೇ ಬಿಂಬುಳಿ ಜಜ್ಜಿ ಹಾಕಿಟ್ಟಿದ್ದೆ. ಇವತ್ತು ತೊಳೆದೆ, ಎಲ್ಲ ಬಿಟ್ಟಿತು,” ಎಂದರು ಮುದುಕಿ. ಮೀನಿನ ಸಾರಿಗೆ ಹಾಕುವ ಹುಳಿಕಾಯಿಗೆ ಬಗ್ಗದ ತಾಮ್ರ ಲೋಕದಲ್ಲಿಲ್ಲ ಎಂಬುದು ಅವರ ನಂಬಿಕೆ.

“ನಾಳೆ ಹನ್ನೊಂದು ಗಂಟೆಗೆ ಅದು ಬೇಕಿತ್ತು,” ಎಂದು ಮಥಾಯಸರು ಬಚ್ಚಲಿನ ಮಣೆಯ ಮೇಲೆ ಕುಳಿತುಬಿಟ್ಟರು.

ಸಮಸ್ಯೆ ನಿಜಕ್ಕೂ ದೊಡ್ಡದು. ಶಬ್ದವಿಲ್ಲದಿದ್ದರೆ ಮನೆ ಹೋಗುತ್ತದೆ. ಮನೆ ಹೋದರೆ ಮಗು ಕಾರ್ಕಳಕ್ಕೆ ಹೋಗುತ್ತದೆ. ಸರಿಯಾಯಿತೆಂದು ಸತ್ಯ ಹೇಳೋಣವೆಂದರೆ, ಸರಕಾರಿ ಸೊತ್ತನ್ನು ಅನುಮತಿ ಇಲ್ಲದೆ ಕಾಯಿಪಲ್ಲೆಯಿಂದ ದುರಸ್ತಿ ಮಾಡಿದ ಅಪರಾಧ. ಅಪೊಲೋನಿಯಾ ಬಾಯಿ ಎಲ್ಲವನ್ನೂ ಕೇಳಿಸಿಕೊಂಡು, ಇಷ್ಟೇ ಅಲ್ವಾ ಎಂದು ಅಡುಗೆಮನೆಯಿಂದ ಕಬ್ಬಿಣದ ಸವುಟು ತಂದರು.

ಶುಕ್ರವಾರ ಹನ್ನೊಂದು ಗಂಟೆಗೆ ಹೃಷೀಕೇಶ ರಾಯರು ಕೊಡೆ ಮತ್ತು ಕಡತದೊಂದಿಗೆ ಬಂದು ಬಾಯ್ಲರಿನ ಎದುರು ಕುಳಿತರು. ಬಾಯ್ಲರಿಗೂ ಗೋಡೆಗೂ ನಡುವೆ, ತೆಂಗಿನ ಸಿಪ್ಪೆಯ ರಾಶಿಯ ಹಿಂದೆ ಅಪೊಲೋನಿಯಾ ಬಾಯಿ ಕುಳಿತಿದ್ದರು. ಟಕ್ ಟಕ್ ಎಂದಿತು. ರಾಯರು ಬರೆದುಕೊಂಡರು. ಇನ್ನೊಮ್ಮೆ ಆಗಲಿ ಎಂದರು. ಇನ್ನೊಮ್ಮೆ ಆಯಿತು. ಅಷ್ಟರಲ್ಲಿ ಹೊಗೆ ಸುತ್ತಿ, ಬಾಯ್ಲರಿನ ಕಡೆಯಿಂದ ಒಂದು ಕೆಮ್ಮು ಬಂತು.

ಮನೆ ಹೋಯಿತು, ಮಗು ಹೋಯಿತು ಎಂದುಕೊಂಡರು ಮಥಾಯಸರು. ರಾಯರು ಪೆನ್ನಿನ ಮುಚ್ಚಳ ತೆಗೆದರು.

“ಹೆಸರು?”

“ಅಪೊಲೋನಿಯಾ,” ಎಂದಿತು ಬಾಯ್ಲರ್.

“ವಯಸ್ಸು?”

“ಎಪ್ಪತ್ತೊಂದು.”

“ಮಥಾಯಸರು ನಿಮಗೆ ಎಂತ ಆಗಬೇಕು?”

“ಅಳಿಯ.”

ನಾಲ್ಕು ದಿನಗಳಿಂದ ಖಾಲಿ ಇದ್ದ ಮೂರು ಕಾಲಂಗಳು ತುಂಬಿದವು. ರಾಯರ ಮುಖದಲ್ಲಿ ನೆಮ್ಮದಿ ಮೂಡಿತು. “ಇದನ್ನು ಮೊದಲೇ ಬರೆದಿದ್ದರೆ ಇಷ್ಟು ಕಾಗದ ಆಗ್ತಿರ್ಲಿಲ್ಲ ಮಾರಾಯ್ರೆ,” ಎಂದು ಮಥಾಯಸರನ್ನು ಮೆಲ್ಲಗೆ ಗದರಿದರು. ಚಹಾ ಕುಡಿದು ಹೋದರು.

ಸಂಜೆಯೊಳಗೆ ಆದೇಶ ಹೊರಟಿತು. ಶ್ರೀಮತಿ ಅಪೊಲೋನಿಯಾ ಎಂಬವರು ವಸತಿಗೃಹ ನಾಲ್ಕರ ಬಾಯ್ಲರಿನಲ್ಲಿ ವಾಸವಾಗಿರಲು ಅನುಮತಿ ನೀಡಲಾಗಿದೆ. ಅವರು ಬಾಯ್ಲರಿನೊಳಗೆ ಪ್ರತ್ಯೇಕ ಒಲೆ ಹೂಡತಕ್ಕದ್ದಲ್ಲ, ಒಳಬಾಡಿಗೆಗೆ ಕೊಡತಕ್ಕದ್ದಲ್ಲ. ವಾಸವಿರುವುದಕ್ಕೆ ರುಜುವಾತಾಗಿ ಮೂರು ತಿಂಗಳಿಗೊಮ್ಮೆ ಪರಿಶೀಲನೆಯ ವೇಳೆ ಎರಡು ಸಲ ಬಡಿಯತಕ್ಕದ್ದು.

ಶನಿವಾರ ಕ್ಲಾರಾ ಬಾಯಿ ಜೀಪಿನಲ್ಲಿ ಬಂದಿಳಿದರು. ಸೆಲೀನಳ ಸ್ನಾನ ಆಗಷ್ಟೇ ಮುಗಿದು, ಮನೆಯೆಲ್ಲ ಧೂಪದ ವಾಸನೆ ತುಂಬಿತ್ತು. ಕ್ಲಾರಾ ಬಾಯಿ ಕೈ ಅದ್ದಿ ನೀರು ನೋಡಿದರು. ಬಚ್ಚಲಿನ ಬಾಗಿಲಿಗೆ ಅಂಟಿಸಿದ್ದ ಆದೇಶವನ್ನು ಎರಡು ಸಲ ಓದಿದರು. ಸರಕಾರವೇ ಒಬ್ಬರನ್ನು ಒಳಗೆ ಕೂರಿಸಿ ಬಿಸಿನೀರು ನೋಡಿಕೊಳ್ಳುವ ಮನೆ ಕಾರ್ಕಳದಲ್ಲಿ ಒಂದೂ ಇಲ್ಲವೆಂದು ಒಪ್ಪಿಕೊಂಡರು. ಜೀಪು ಖಾಲಿ ಹೋಯಿತು. ಅಂದು ಮಥಾಯಸರು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಮ್ಮನೆ ಅತ್ತರು.

ಅಪೊಲೋನಿಯಾ ಬಾಯಿ ನಲವತ್ತು ದಿನ ಮುಗಿಸಿ ಎರ್ಮಾಳಿಗೆ ಹೊರಟವರು, ಅನುಮತಿ ರದ್ದಾಗುತ್ತದೆಂದು ನಿಂತರು. ನಿಂತದ್ದು ಎಲ್ಲರಿಗೂ ಒಳ್ಳೆಯದೇ ಆಯಿತು. ಸೆಲೀನ್ ಮಗುವಿನೊಂದಿಗೆ ಅಷ್ಟರಲ್ಲಿ ಗಂಡನ ಮನೆ ಸೇರಿದ್ದರಿಂದ, ಎಂಬತ್ತೊಂದರ ಜನಗಣತಿಗೆ ಬಂದ ಮೇಷ್ಟ್ರು ಆದೇಶ ನೋಡಿ, ಮನೆಯಲ್ಲಿ ಇಬ್ಬರು, ಬಾಯ್ಲರಿನಲ್ಲಿ ಒಬ್ಬರು ಎಂದು ಬರೆದುಕೊಂಡರು. ಎರ್ಮಾಳಿನ ಕಾಗದಗಳೂ ಅದೇ ವಿಳಾಸಕ್ಕೆ ಬರತೊಡಗಿದವು. ಅಂಚೆಯ ರಘುಪತಿ ನಿಯಮದ ಮನುಷ್ಯ. ಆ ಕಾಗದಗಳನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಚಪ್ಪಲಿ ಬಿಚ್ಚಿಟ್ಟು ಬಚ್ಚಲಿಗೆ ಹೋಗಿ, ಬಾಯ್ಲರನ್ನು ಎರಡು ಸಲ ತಟ್ಟಿ, ಅಡುಗೆಮನೆಯಲ್ಲಿದ್ದ ಅಪೊಲೋನಿಯಾ ಬಾಯಿ “ಬಂದೆ” ಎನ್ನುವ ತನಕ ಕಾಯುತ್ತಿದ್ದ.