ಏಲಕ್ಕಿ ಕಂಡುಬಂದಿದೆ

ಬಹಳ ಹಿಂದೆ, ಅಂದರೆ ಅರ್ಜಿಯನ್ನು ಮೂರೇ ಪ್ರತಿಗಳಲ್ಲಿ ಕೊಟ್ಟರೆ ಸಾಕಾಗುತ್ತಿದ್ದ ಸತ್ಯಯುಗದಲ್ಲಿ, ಉದಾರನಗರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ವಿಶಾಲಹೃದಯವರ್ಮರು. ಅವರ ಹೃದಯ ಎಷ್ಟು ವಿಶಾಲವೆಂದರೆ, ಅದರೊಳಗೆ ಹೋದ ಅರ್ಜಿಗಳು ಹೊರಬರುವ ದಾರಿ ಕಾಣದೆ ಅಲ್ಲೇ ಉಳಿದುಬಿಡುತ್ತಿದ್ದವು.

ಈ ಮಹಾರಾಜರ ಸೈನ್ಯ ಒಮ್ಮೆ ಹಿಮಬೆಟ್ಟಗಳಾಚೆಯ ದೇಶವೊಂದನ್ನು ಉದ್ಧಾರ ಮಾಡಲು ಹೋಗಿತ್ತು. ಇಪ್ಪತ್ತು ವರ್ಷ ಉದ್ಧಾರ ಮಾಡಿ ಬೇಸರವಾಗಿ, ಒಂದು ಬೆಳಿಗ್ಗೆ ಗಂಟುಮೂಟೆ ಕಟ್ಟಿ ವಾಪಸಾಯಿತು. ಕುದುರೆ, ಡೇರೆ, ಸೇನಾಪತಿಗಳ ಉಪ್ಪಿನಕಾಯಿ ಭರಣಿ ಎಲ್ಲವೂ ಜೋಪಾನವಾಗಿ ಬಂದವು. ಸೈನ್ಯದ ಪರವಾಗಿ ಮಾತಾಡಿ ಊರೆಲ್ಲ ಹಗೆ ಕಟ್ಟಿಕೊಂಡಿದ್ದ ದುಭಾಷಿಗಳನ್ನು ಮಾತ್ರ ಮರೆತು ಬಂದರು. ಹಾಗೆ ಮರೆತುಹೋದವನೊಬ್ಬನ ಹೆಂಡತಿ ಪಲ್ವಾಶಾ. ಊರವರು ಗಂಡನನ್ನು ಕೊಂದ ಮೇಲೆ ಅವಳು, ಕೆಮ್ಮುವ ಮುದಿ ಅತ್ತೆಯನ್ನು ಬೆನ್ನಿಗೆ ಹೊತ್ತು, ಬೆಟ್ಟ ಇಳಿದು ಉದಾರನಗರಿಯ ಗಡಿಗೆ ಬಂದು ಡೇರೆ ಹಾಕಿದಳು. ಅವಳ ಹಿಂದೆಯೇ ಇನ್ನೂ ನೂರು ಡೇರೆ ಎದ್ದವು.

ಮಹಾರಾಜರು ಕಣ್ಣೀರಿಟ್ಟರು. ಆಸ್ಥಾನದ ಚಿತ್ರಕಾರ ಆ ಕಣ್ಣೀರನ್ನು ಮೂರು ಕೋನಗಳಿಂದ ಬಿಡಿಸಿಕೊಂಡ. ಕೂಡಲೇ 'ಅತಿದುರ್ಬಲ ನಿರಾಶ್ರಿತರ ಸಮಗ್ರ ಪುನರ್ವಸತಿ ಯೋಜನೆ' ಘೋಷಣೆಯಾಗಿ, ಕೆರೆಯ ದಂಡೆಯಲ್ಲಿ ನೂರು ಹೆಂಚಿನ ಮನೆಗಳು ತಲೆಯೆತ್ತಿದವು. ಆದರೆ ಬರೀ ದುರ್ಬಲರಾದರೆ ಮನೆ ಸಿಗುವಂತಿರಲಿಲ್ಲ, ಅತಿ ಆಗಬೇಕಿತ್ತು. ಆ ಅತಿಯನ್ನು ಅಳೆಯಲು ಅಮಾತ್ಯ ಪರಿಶೀಲನಾನಂದರು ನೇಮಕವಾದರು.

ಅಮಾತ್ಯರು ಆರು ಗುಮಾಸ್ತರ ಸಮೇತ ಪಲ್ವಾಶಾಳ ಡೇರೆಗೆ ಸ್ಥಳ ಪರಿಶೀಲನೆಗೆ ದಯಮಾಡಿಸಿದರು. ಅವಳ ನಾಡಿನಲ್ಲೊಂದು ಪದ್ಧತಿ. ಬಾಗಿಲಿಗೆ ಬಂದವನು ಶತ್ರುವೇ ಆಗಲಿ, ಅವನಿಗೆ ಚಹಾ ರೊಟ್ಟಿ ಕೊಡದೆ ಮಾತು ಶುರು ಮಾಡುವಂತಿಲ್ಲ. ಡೇರೆಗೆ ಬಾಗಿಲೇ ಇರಲಿಲ್ಲ, ಆದರೂ ಪದ್ಧತಿ ಪದ್ಧತಿಯೇ. ಶಿಬಿರದಲ್ಲಿ ವಾರಕ್ಕೆಂದು ಕೊಟ್ಟಿದ್ದ ಹಿಟ್ಟನ್ನೆಲ್ಲ ನಾದಿ ಮೊಳದುದ್ದದ ರೊಟ್ಟಿ ಸುಟ್ಟಳು. ಊರಿಂದ ಚಾದರದ ತುದಿಗೆ ಕಟ್ಟಿ ತಂದಿದ್ದ ಏಲಕ್ಕಿ ಜಜ್ಜಿ ಚಹಾ ಕಾಸಿದಳು. ಏಳೂ ಜನ ತೇಗುವವರೆಗೆ ತಿಂದರು. ಹೊರಡುವಾಗ ಅಮಾತ್ಯರು ಕಡತದಲ್ಲಿ ಬರೆದರು: 'ಸದರಿ ಕುಟುಂಬದಲ್ಲಿ ಏಲಕ್ಕಿ ಕಂಡುಬಂದಿದೆ. ದುರ್ಬಲತೆ ಸಂಶಯಾಸ್ಪದ. ಮರುಪರಿಶೀಲನೆ ಅಗತ್ಯ.'

ಮರುಪರಿಶೀಲನೆಗೆ ಹದಿನಾಲ್ಕು ಜನ ಬಂದರು. ಆಮೇಲೆ ಸಮನ್ವಯ ಸಮಿತಿ ಬಂತು. ಸಮನ್ವಯ ಸಮಿತಿಯ ಮೇಲೆ ನಿಗಾ ಇಡುವ ಉಪಸಮಿತಿಯೂ ಬಂತು, ಅದು ಸರಿಯಾಗಿ ತಿಂಡಿಯ ಹೊತ್ತಿಗೇ ಬರುತ್ತಿತ್ತು. ಅರಮನೆಯ ಅಡುಗೆಯನ್ನು ಆಗಷ್ಟೇ ಹೊರಗುತ್ತಿಗೆಗೆ ಕೊಟ್ಟಿದ್ದರು, ಉಪ್ಪಿಟ್ಟಿಗೆ ಚಮಚ ಚುಚ್ಚಿದರೆ ನೆಟ್ಟಗೆ ನಿಲ್ಲುತ್ತಿತ್ತು, ಹಾಗಾಗಿ ಅವರನ್ನೂ ಪೂರ್ತಿ ದೂರುವಂತಿಲ್ಲ. ಪ್ರತಿ ಭೇಟಿಗೂ ಪಲ್ವಾಶಾಳ ಹಿಟ್ಟಿನ ಮಡಕೆ ಖಾಲಿಯಾಗುತ್ತಿತ್ತು, ಪ್ರತಿ ವರದಿಯಲ್ಲೂ ಅವಳು ಇನ್ನಷ್ಟು ಸಬಲಳಾಗುತ್ತಿದ್ದಳು. ಇತ್ತ ಮಳೆಗಾಲ ಹತ್ತಿರ ಬಂತು. ಡೇರೆಗೆ ನೀರು ನುಗ್ಗಿದರೆ ಅತ್ತೆ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿಹೋಗಿದ್ದರು. ಹೇಳುವ ಮೊದಲು ಅವರೂ ಎರಡು ರೊಟ್ಟಿ ತಿಂದಿದ್ದರು.

ಶಿಬಿರದ ಪಕ್ಕದ ಗುಡಿಸಲಿನಲ್ಲಿ ಸೊಪ್ಪು ಮಾರುವ ಹೊನ್ನಾಜಮ್ಮ ಇದ್ದಳು. ಈ ತಮಾಷೆ ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

"ನಾಳೆ ಒಲೆ ಹಚ್ಚಬ್ಯಾಡ ಕಣವ್ವ," ಎಂದಳು. "ಪಾತ್ರೆ ಬೋರಲು ಹಾಕಿ, ಮೂಲೇಲಿ ಮುದುಡಿ ಕೂತ್ಕೋ. ಆಗ್ಲಾದ್ರೂ ನಿನ್ನ ಕಷ್ಟ ಅವರ ಕಣ್ಣಿಗೆ ಬಿದ್ದೀತು."

ಗಂಡನಿಂದ ಈ ನಾಡಿನ ಮಾತು ಕಲಿತಿದ್ದ ಪಲ್ವಾಶಾ ಹೇಳಿದಳು, "ಬಂದವರಿಗೆ ಚಹಾ ಕೊಡದೆ ಹೇಗೆ ಕೂರಲಿ ಅಕ್ಕ? ನನಗೆ ಉಳಿದಿರೋದು ಅದೊಂದೇ ಮರ್ಯಾದೆ."

ಆದರೂ ಅತ್ತೆಯ ಕೆಮ್ಮು ಕೇಳಲಾರದೆ, ಮನಸ್ಸು ಗಟ್ಟಿಮಾಡಿ ಮರುದಿನ ಒಲೆ ಹಚ್ಚಲಿಲ್ಲ. ಅಮಾತ್ಯರು ಅರ್ಧ ಗಂಟೆ ಕಾದರು. ಗಂಟಲು ಸರಿಮಾಡಿಕೊಂಡರು. ಬೋರಲು ಹಾಕಿದ ಪಾತ್ರೆಯನ್ನು ಎತ್ತಿ ಒಳಗೆ ಇಣುಕಿದರು. ಕೊನೆಗೆ ನೊಂದು ಬರೆದರು: 'ಅತಿಥಿ ಸತ್ಕಾರದ ಅರಿವಿಲ್ಲ. ಉದಾರನಗರಿಯ ಸಂಸ್ಕೃತಿಯಲ್ಲಿ ಬೆರೆಯಲು ಅನರ್ಹರು. ಗಡಿಯಾಚೆ ಕಳುಹಿಸಬಹುದು.' ಆ ಕಡತ ಓದಿದಾಗ ನನಗೆ ಮೈಯೆಲ್ಲ ಉರಿದುಹೋಯಿತು ಸ್ವಾಮಿ, ಸುಳ್ಳು ಯಾಕೆ ಹೇಳಲಿ.

ಆಜ್ಞೆಗೆ ಮುದ್ರೆ ಒತ್ತುವ ಮುನ್ನ ಮಹಾರಾಜರು ತಾವೇ ಖುದ್ದಾಗಿ ನೋಡಬೇಕೆಂದರು. ಕಾರಣ ಕರುಣೆ ಎಂದು ಗೆಜೆಟ್ಟಿನಲ್ಲಿದೆ. ರೊಟ್ಟಿಯ ಸುದ್ದಿ ಅಂತಃಪುರ ಮುಟ್ಟಿತ್ತು ಎಂದು ನಾನು ಹೇಳುತ್ತೇನೆ. ಪರಿವಾರ ಸಮೇತ ಮುನ್ನೂರು ಜನ ಬಂದಿಳಿದರು. ಪಲ್ವಾಶಾಳಿಗೆ ಇನ್ನು ತಡೆಯಲಾಗಲಿಲ್ಲ, ಒಲೆ ಹಚ್ಚಿದಳು. ಉಳಿದ ಡೇರೆಗಳ ಹೆಂಗಸರೂ ತಮ್ಮಲ್ಲಿದ್ದ ಹಿಟ್ಟು ತಂದು ಸುರಿದರು. ಮಹಾರಾಜರು ಒಂಬತ್ತು ರೊಟ್ಟಿ ಮುಗಿಸಿ, ಬೆರಳು ಚೀಪಿ, ಬಿಕ್ಕಿ ಬಿಕ್ಕಿ ಅತ್ತರು.

"ಅಮಾತ್ಯರೇ, ಇವರು ಮುನ್ನೂರು ಜನಕ್ಕೆ ಉಣಬಡಿಸುತ್ತಾರೆ. ಅರಮನೆಯಲ್ಲಿ ನಮಗೇ ಹೊಟ್ಟೆತುಂಬ ಊಟವಿಲ್ಲ. ಹಾಗಾದರೆ ಈ ರಾಜ್ಯದಲ್ಲಿ ಅತಿದುರ್ಬಲರು ಯಾರು?"

"ತಾವೇ, ಮಹಾಪ್ರಭು," ಎಂದು ಅಮಾತ್ಯರು ನಡುಬಗ್ಗಿಸಿದರು. "ದೌರ್ಬಲ್ಯದಲ್ಲೂ ತಾವೇ ಸಾರ್ವಭೌಮರು."

ಸಂಜೆಗೆ ರಾಜಾಜ್ಞೆ ಹೊರಟಿತು. ನೂರು ಹೆಂಚಿನ ಮನೆಗಳು ಮಹಾರಾಜರಿಗೂ ಆಸ್ಥಾನಿಕರಿಗೂ ಮಂಜೂರಾದವು. ನಿರಾಶ್ರಿತರಿಗೆ 'ರಾಷ್ಟ್ರೀಯ ಆತಿಥೇಯರು' ಎಂಬ ಬಿರುದು ಸಿಕ್ಕಿತು, ಅವರ ಡೇರೆಗಳನ್ನು ಕಿತ್ತು ಆ ಮನೆಗಳ ಹಿತ್ತಿಲಿಗೆ ಸಾಗಿಸಿ ಒಲೆ ಹೂಡಿಸಲಾಯಿತು. ರೊಟ್ಟಿಗಾಗಿ ಪ್ರಜೆಗಳು ಮನೆಗೊಂದು ಸೇರು ಹಿಟ್ಟನ್ನು ದಿನಾ ಒಪ್ಪಿಸಬೇಕೆಂದಾಯಿತು. ಯೋಜನೆ ನೂರಕ್ಕೆ ನೂರು ಯಶಸ್ವಿ ಎಂದು ಡಂಗುರ ಸಾರಿದರು.

ಮೊದಲ ಮಳೆಗೇ ಹಿತ್ತಿಲಲ್ಲಿ ಮೊಣಕಾಲುದ್ದ ನೀರು ನಿಂತಿತು. ಹೊನ್ನಾಜಮ್ಮ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದು, ಕೆಮ್ಮುತ್ತಿದ್ದ ಮುದುಕಿಯನ್ನೂ ಪಲ್ವಾಶಾಳನ್ನೂ ತನ್ನ ಗುಡಿಸಲಿಗೆ ಕರೆದೊಯ್ದಳು. ಒಣಗಿದ ಕಂಬಳಿ ಹೊದಿಸಿ ಒಲೆಯ ಪಕ್ಕ ಮಲಗಿಸಿದಳು. ಯಾವ ಅರ್ಜಿಯನ್ನೂ ಕೇಳಲಿಲ್ಲ.

ಬೆಳಗಾಗುವಷ್ಟರಲ್ಲಿ ರಾಜಭಟರು ಅವಳ ಪಾಲಿನ ಸೇರು ಹಿಟ್ಟನ್ನು ಅಳೆದು ಒಯ್ದಿದ್ದರು. ಅವರು ಹೋದ ಬೆನ್ನಿಗೇ ಅಮಾತ್ಯರು ಆರು ಗುಮಾಸ್ತರೊಂದಿಗೆ ಬಂದರು. ಅನುಮತಿಯಿಲ್ಲದೆ ಖಾಸಗಿಯಾಗಿ ಪುನರ್ವಸತಿ ನಡೆಸಿದ್ದರ ಬಗ್ಗೆ ಸ್ಥಳ ಪರಿಶೀಲನೆಯಂತೆ. ಹೊನ್ನಾಜಮ್ಮ ಚಾಪೆ ಹಾಸುವ ಮೊದಲೇ ಸಾಲಾಗಿ ಕೂತು, ಕಡತ ಬಿಚ್ಚಿ, ತಿಂಡಿ ಏನು ಮಾಡಿದ್ದೀಯಮ್ಮ ಎಂದು ಕೇಳಿದರು.