ಅಮೃತನ ಪರೀಕ್ಷೆ, ಅವ್ವನ ಬುತ್ತಿ

ಅಂದು ಬುತ್ತಿ ಮರೆಯದೇ ಇದ್ದಿದ್ದರೆ ಅಮೃತ ಈ ಹೊತ್ತಿಗೆ ಕೊರಳಿಗೆ ಗೈಡಿನ ಬಿಲ್ಲೆ ಹಾಕಿಕೊಂಡು ಬಸವಕಲ್ಯಾಣದ ಕೋಟೆಯಲ್ಲಿ ಓಡಾಡುತ್ತಿದ್ದ. ಪರೀಕ್ಷೆಯ ಗಡಿಬಿಡಿಯಲ್ಲಿ ಇಸ್ತ್ರಿ ಅಂಗಿ, ಗುರುತಿನ ಚೀಟಿ, ಬಾಚಣಿಗೆ ಎಲ್ಲವನ್ನೂ ನೆನಪಿಟ್ಟು ತಂದವನು ರೊಟ್ಟಿಯ ಗಂಟನ್ನು ಮಾತ್ರ ಮೋರಖಂಡಿಯ ಮನೆಯ ಗೂಟದಲ್ಲೇ ಬಿಟ್ಟು ಬಂದ.

ಗೈಡ್ ಆಗಬೇಕೆಂಬುದು ಅವನಿಗೆ ಇಂದು ನಿನ್ನೆ ಹತ್ತಿದ ಹುಚ್ಚಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಕೋಟೆಯ ಬುಡಕ್ಕೆ ಬರುತ್ತಿದ್ದ. ಕೋಟೆ ನೋಡಲು ಬಂದವರು ದಾರಿ ಕೇಳಿದರೆ ಸಾಕು, ಕುರಿಗಳನ್ನು ಅಪ್ಪನ ತಲೆಗೆ ಕಟ್ಟಿ ತಾನೇ ಮುಂದೆ ಓಡುತ್ತಿದ್ದ. ಅಪ್ಪ ಬಂಡೆಯ ಮೇಲೆ ಕೂತು, "ನೋಡ್ರಿ, ನಮ್ಮ ಸರದಾರ ಹೊಂಟ!" ಎಂದು ನಗುತ್ತಿದ್ದ. ಆ ಅಪ್ಪನೂ ಈಗಿಲ್ಲ, ಆ ಕುರಿಗಳೂ ಇಲ್ಲ. ಹುಮನಾಬಾದಿನಲ್ಲಿ ಪ್ರವಾಸಿ ಮಾರ್ಗದರ್ಶಿಗಳ ತರಬೇತಿ ಶುರುವಾದಾಗ, ತಲೆಯಲ್ಲಿ ಬಿಳಿಕೂದಲು ಇಣುಕಿದ್ದ ಅಮೃತ ಮೀಸೆ ಮೂಡದ ಹುಡುಗರ ನಡುವೆ ಹೋಗಿ ಬೆಂಚಿನ ಮೇಲೆ ಕೂತ. ಪಾಸಾದವರಿಗೆ ಕೋಟೆಯಲ್ಲೇ ಕೆಲಸವೆಂದಿದ್ದರು.

ಪಾಠ ಹೇಳುವ ವಿಶಾಖಾ ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು. "ಬಂದ ಅತಿಥಿಗೆ ಯಾವ ಊರು, ಯಾರ ಮಗ, ಲಗ್ನ ಆಗ್ಯದೇನು ಅಂತ ಕೇಳಂಗಿಲ್ಲ. ಅದು ಅವರ ಖಾಸಗಿ ವಿಷಯ."

ನಮ್ಮ ಕಡೆಯವರಿಗೆ ಇದು ಉಸಿರಾಡಬೇಡ ಎಂದಷ್ಟೇ ಕಷ್ಟ. ಆದರೂ ಅಮೃತ ಹಟ ಹಿಡಿದು ರೂಢಿ ಮಾಡಿಕೊಂಡ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಏನೂ ಕೇಳದೆ ಬರುತ್ತಿದ್ದ. ಇವನಿಗೆ ಸೊಕ್ಕು ಬಂದಿದೆ ಎಂದು ಊರವರು ಆಡಿಕೊಂಡರು.

ಪರೀಕ್ಷೆಯ ದಿನ ಕೋಟೆಯ ಬಾಗಿಲಲ್ಲಿ ಮೇಡಂ ನಿಯಮ ಹೇಳಿದರು. "ಮೊಬೈಲ್ ಬಂದ್ ಮಾಡ್ರಿ. ಪರೀಕ್ಷಕರಿಗೆ ಸಂಬಂಧಿಕರು ಯಾರರ ಇದ್ರ ಈಗೇ ಹೇಳ್ರಿ, ಅಂಥವರ ಪರೀಕ್ಷಾ ನಡ್ಯಂಗಿಲ್ಲ."

ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕ ಸತೀಶಕುಮಾರ ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ಕಾರಿಗೆ ಒರಗಿ ನಿಂತಿದ್ದರು. ಅವರನ್ನು ನೋಡಿ ಅಮೃತ ಎಲ್ಲರಿಗಿಂತ ಜೋರಾಗಿ ನಕ್ಕ.

"ನಮ್ಮ ಪೈಕಿ ಕಾರಿನ್ಯಾಗ ಕೂಡೋರೇ ಇಲ್ಲ್ರಿ ಮೇಡಂ!"

ಅವನ ಸರದಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಕೋಟೆಯ ಮೇಲೆ, ಫಿರಂಗಿ ಇಟ್ಟ ತೋಪಿನ ಕಟ್ಟೆಯ ಬಳಿ, ಸಾಹೇಬರು ಪ್ರವಾಸಿಯಂತೆ ಮುಂದೆ ನಿಂತರು. "ಆತ್ಮೀಯ ಅತಿಥಿಗಳೇ, ಐತಿಹಾಸಿಕ ಕಲ್ಯಾಣಕ್ಕೆ ತಮಗೆ..." ಎಂದು ಅಮೃತ ಬಾಯಿಪಾಠ ಶುರು ಮಾಡಿದನೋ ಇಲ್ಲವೋ, ಹಿಂದಿನಿಂದ ಕೂಗು ಬಂತು.

"ಏ ಅಮೃತಾ! ಬುತ್ತಿ ಬಿಟ್ಟು ಬಂದೀಯಲ್ಲೋ!"

ಅವ್ವ ಚಂದಮ್ಮ ಗಂಟು ಹಿಡಿದು ಏದುಸಿರು ಬಿಡುತ್ತ ಬರುತ್ತಿದ್ದಳು. ದಾರಿ ತೋರಿಸಲು ಬಾಗಿಲ ಬಳಿಯ ಚಹಾ ಅಂಗಡಿಯ ಮುನ್ನಿ ಬೀ ಜೊತೆಗಿದ್ದಳು.

"ಅವ್ವಾ, ಪರೀಕ್ಷಾ ನಡದದ. ಸಾಹೇಬ್ರು ನೋಡಾಕತ್ತಾರ!"

"ನೋಡ್ಲಿ ಬಿಡು. ಅವರೂ ಮುಂಜಾನಿಂದ ಏನೂ ತಿಂದಂಗ ಕಾಣಂಗಿಲ್ಲ, ಪಾಪ. ಕೂಡಪ್ಪಾ."

"ಬೇಡಮ್ಮಾ, ನಾನು ಕರ್ತವ್ಯದ ಮೇಲಿದ್ದೇನೆ" ಎಂದರು ಸಾಹೇಬರು. ಅಷ್ಟರಲ್ಲಿ ಗಂಟು ಬಿಚ್ಚಿತು. ಪುಂಡಿಪಲ್ಯದ ವಾಸನೆಗೆ ಕರ್ತವ್ಯ ಸಡಿಲವಾಯಿತು. ಒಂದು ತುತ್ತು ಬಾಯಿಗಿಟ್ಟವರು ಮೆಲ್ಲಗೆ ಕನ್ನಡಕ ತೆಗೆದರು. ಕಣ್ಣು ತೇವವಾಗಿತ್ತು, ಬೆಂಗಳೂರಿನ ಮಾತೂ ಕಳಚಿಬಿದ್ದಿತ್ತು.

"ಪಲ್ಯದಾಗ ಶೇಂಗಾ ಇಡಿಯಾಗಿ ಹಾಕೋದು... ನಮ್ಮ ಆಯಿ, ಅಪ್ಪನ ಅವ್ವ, ಹಿಂಗೇ ಮಾಡ್ತಿದ್ದಳು."

"ಆಯಿ ಯಾವ ಊರಾಕಿ, ಸಾಬ್?" ಮುನ್ನಿ ಬೀ ಕೇಳಿಯೇಬಿಟ್ಟಳು.

ಅಮೃತ ನಡುವೆ ಬಾಯಿ ಹಾಕಿದ. "ಚಾಚೀ, ಅತಿಥಿಗೆ ಊರು ಕೇಳಂಗಿಲ್ಲ!"

"ನಾ ಏನು ಪರೀಕ್ಷಾಕ್ಕ ಕುಂತೀನೇನು, ಬೇಟಾ?"

"ಘಾಟಬೋರಾಳ" ಎಂದರು ಸಾಹೇಬರು.

ಚಂದಮ್ಮನ ಕೈಯ ರೊಟ್ಟಿ ಅಲ್ಲೇ ನಿಂತಿತು. "ಅದು ನನ್ನ ತವರು! ಯಾರ ಮಗ ನೀ?"

"ಬಂಡೆಪ್ಪನ ಮಗ."

"ನಮ್ಮ ದೊಡ್ಡಪ್ಪನ ಮಗ ಬಂಡೆಪ್ಪಣ್ಣ? ನಾ ಲಗ್ನ ಆಗಿ ಗಾಡಿ ಏರುವಾಗ ಗಾಲಿ ಹಿಡಕೊಂಡು ಅತ್ತ ಸತ್ಯಾ ನೀನೇನೋ?"

"ಚಂದತ್ತಿ!" ಎಂದು ಸಾಹೇಬರು ಎದ್ದೇ ನಿಂತರು.

ಯಾವುದೋ ಕಾಲದಲ್ಲಿ ಒಂದು ಕುರಿಯ ಸಲುವಾಗಿ ಜಗಳಾಡಿ ಎರಡೂ ಮನೆಯವರು ಮಾತು ಬಿಟ್ಟಿದ್ದರು. ಕುರಿ ಸತ್ತು ಎಷ್ಟೋ ಕಾಲವಾಗಿತ್ತು, ಮಾತು ಮಾತ್ರ ಕೂಡಿರಲಿಲ್ಲ. ಈಗ ಅತ್ತೆ ಅಳಿಯ ಇಬ್ಬರೂ ತೋಪಿನ ಕಟ್ಟೆಯ ಮೇಲೆ ಕೂತು ಘಾಟಬೋರಾಳದ ಬಾವಿ, ಬೇವಿನ ನೆರಳು, ಅಲ್ಲಿ ಶೇಂಗಾ ಸುಲಿಯುತ್ತಿದ್ದ ಆಯಿ, ಎಲ್ಲವನ್ನೂ ಒಂದೊಂದಾಗಿ ಕರೆದು ಮಾತಾಡಿಸಿದರು. ಅಮೃತನಿಗೆ ಬಾಯಿಪಾಠವೆಲ್ಲ ಮರೆತುಹೋಯಿತು. ಅಪ್ಪ ಕೂಡುತ್ತಿದ್ದ ಬಂಡೆ ತೋರಿಸಿದ, ಮಳೆ ಬಂದಾಗ ಕುರಿಗಳ ಜೊತೆ ತಾವು ನಿಲ್ಲುತ್ತಿದ್ದ ಕಮಾನು ತೋರಿಸಿದ. ಹೇಳುತ್ತ ಹೇಳುತ್ತ ಅವನಿಗೆ, ಅಪ್ಪ ಇದ್ದಿದ್ದರೆ ಇಂದು ಇನ್ನೂ ಜೋರಾಗಿ ನಗುತ್ತಿದ್ದ ಅನಿಸಿತು.

"ಇಷ್ಟು ವರ್ಷದಾಗ ಇಂಥ ಗೈಡ್ ನೋಡಿಲ್ಲ" ಎಂದು ಸಾಹೇಬರು ಪೂರ್ತಿ ಅಂಕ ಹಾಕಿ, ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಇಳಿದು ಬಂದರು. ಮುಂದೆ ಮುಂದೆ ಮುನ್ನಿ ಬೀ ಊರಿಗೆಲ್ಲ ಕೇಳುವಂತೆ ಸಾರುತ್ತ ನಡೆದಳು. "ಸುನೋ ರೇ! ದೊಡ್ಡ ಸಾಬ್ ನಮ್ಮ ಅಮೃತನ ಭಾವ ಆಗ್ಬೇಕಂತ!"

ಬಾಗಿಲಲ್ಲಿ ನಿಂತಿದ್ದ ವಿಶಾಖಾ ಮೇಡಂ ಮುಖ ಇಳಿಯಿತು. "ಅಮೃತ ಅವ್ರೇ, ಸಾಹೇಬ್ರು ನಿಮಗ ಏನಾಗಬೇಕ್ರಿ?"

ಬೆಳಿಗ್ಗೆ ತಾನು ನಕ್ಕದ್ದು ಅಮೃತನಿಗೆ ಆಗ ನೆನಪಾಯಿತು. ದೂರದ ಪರಿಚಯ ಎನ್ನಲು ಬಾಯಿ ತೆರೆದ. ಚಂದಮ್ಮ ಅವಕಾಶವನ್ನೇ ಕೊಡಲಿಲ್ಲ. "ನನ್ನ ಅಣ್ಣನ ಮಗ್ರಿ ಬಾಯಾರ! ಖಾಸ್ ರಕ್ತಸಂಬಂಧ!"

ಸಾಹೇಬರು ತಾವೇ ಹಾಕಿದ ಅಂಕವನ್ನು ತಾವೇ ಹೊಡೆದುಹಾಕಿದರು. ಪಾಸಾದ ಹುಡುಗರು ಕೊರಳಿಗೆ ಬಿಲ್ಲೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಮೃತ ಖಾಲಿ ಕೊರಳನ್ನು ಸವರಿಕೊಂಡ.

"ನಿಯಮ ನಿಯಮನೇ, ತಮ್ಮಾ. ಮುಂದಿನ ತಂಡದ ಜೋಡಿ ಮತ್ತ ಬಾ" ಎಂದು ಸಾಹೇಬರು ಸಮಾಧಾನ ಹೇಳಿದರು. "ಆವಾಗ ನಾ ಇರಂಗಿಲ್ಲ, ಬ್ಯಾರೆ ಸಾಹೇಬ್ರು ಬರ್ತಾರ. ಭಾಳ ಒಳ್ಳೇರು. ಅವರೂ ಇದೇ ಕಡಿಯವರು, ಊರು ಮನ್ನಾಏಖೇಳ್ಳಿ."

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಚಂದಮ್ಮ ತಟ್ಟನೆ ತಲೆಯೆತ್ತಿದಳು. "ಮನ್ನಾಏಖೇಳ್ಳಿ? ಅಲ್ಲೇ ನಮ್ಮ ಸಣ್ಣವ್ವನ್ನ ಕೊಟ್ಟಿದ್ರಲ್ಲ! ಅವರು ಯಾರ ಮ..."

ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ಅಮೃತ ಅಷ್ಟೂ ಮಡಿಚಿ ಅವ್ವನ ಬಾಯಿಗೆ ತುರುಕಿದ.