ಹೆಣ್ಣಿನ ಮನೆಗೆ ಹೇಳುವ ಸಂಬಳ

ಟೇಕಲ್ಲಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಶ್ರೀರಾಮಪ್ಪನವರಿಗೆ ಯಾವುದನ್ನೇ ಆಗಲಿ, ತೂಕ ಹಾಕದೆ ನಂಬಿ ಗೊತ್ತಿರಲಿಲ್ಲ. ಅಂಥವರ ಮಗಳು ಶಿವಾನಿ ಮೆಡಿಕಲ್ ಲ್ಯಾಬಿನ ಡಿಗ್ರಿಯನ್ನೇ ಓದುತ್ತೇನೆಂದು ಹಟ ಹಿಡಿದಳು. ಸೀಟೂ ಸಿಕ್ಕಿತು. ಬ್ಯಾಂಕಿನವರು ಆರು ಲಕ್ಷ ಸಾಲ ಕೊಡಲು ಒಪ್ಪಿ, "ಫೀಸು ಕಟ್ಟೋಕೆ ಇವತ್ತೇ ಕೊನೆ, ಮಧ್ಯಾಹ್ನ ಬಂದು ಸಹಿ ಹಾಕಿ" ಎಂದರು. ಓದು ಮುಗಿದ ಮೇಲೆ ತಿಂಗಳಿಗೆ ಹತ್ತು ಸಾವಿರ ಕಂತು. ತಕ್ಕಡಿಯ ಒಂದು ತಟ್ಟೆಯೇನೋ ತುಂಬಿತು. ಇನ್ನೊಂದು ತಟ್ಟೆಗೆ ಹಾಕಬೇಕಾದ ಸಂಬಳ ಎಷ್ಟೆಂದು ಮಾತ್ರ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಯಾರೂ ಸುಮ್ಮನಿರಲೂ ಇಲ್ಲ.

"ಲಕ್ಷಕ್ಕೆ ಕಮ್ಮಿ ಇಲ್ಲ ಬಿಡಿ" ಎಂದರು ಎದುರುಮನೆಯ ಚನ್ನರಾಯಪ್ಪ.

"ಗಾಜಿನ ಕೊಳವೆ ಅಲ್ಲಾಡಿಸೋಕೆ ಲಕ್ಷ ಯಾರ್ ಕೊಡ್ತಾರೆ?" ಎಂದಳು ಪಕ್ಕದ ಮನೆಯ ಮುನಿಲಕ್ಷ್ಮಿ.

"ಆ ಕೆಲಸದಲ್ಲಿರೋರನ್ನೇ ಹೋಗಿ ಕೇಳ್ಬಾರ್ದಾ?" ಎಂದರು ಹೆಂಡತಿ ಶಾಮಲಮ್ಮ.

"ನಿಂಗೆಷ್ಟು ಸಂಬಳ ಅಂತ ಕಂಡೋರನ್ನ ಕೇಳೋಕಾಗುತ್ತೇನೇ?"

"ಹೆಣ್ಣಿನ ತಂದೆ ಕೇಳಿದ್ರೆ ಎಂಥೋನೂ ಬಾಯಿ ಬಿಡ್ತಾನೆ ಕಣಣ್ಣ" ಎಂದಳು ಮುನಿಲಕ್ಷ್ಮಿ. "ಮಾಲೂರಿನ ಲ್ಯಾಬಲ್ಲಿ ನಮ್ಮ ಶಿವಾರಪಟ್ಟಣದ ಹುಡುಗ ಕದಿರೇಶ್ ಅಂತ ಇದಾನೆ. ಇದೇ ಓದು ಓದಿರೋನು. ನಂಗೊಬ್ಳು ಮಗಳಿದಾಳೆ ಅಂತ ಮೆಲ್ಲಗೆ ಒಂದ್ ಮಾತು ಹಾಕು. ಸಂಬಳ, ಸಾಲ, ಎಲ್ಲಾ ತಾನೇ ಒಪ್ಪಿಸ್ತಾನೆ."

ಮಗಳಿರುವುದಂತೂ ಸುಳ್ಳಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಶ್ರೀರಾಮಪ್ಪನವರು ಮಾಲೂರಿನ ಬಸ್ಸು ಹತ್ತಿದರು.

ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೆಸ್ಟಿಲ್ಲದೆ ಒಳಗೆ ಬಿಡುವುದಿಲ್ಲವೆಂದಳು ಮೇಜಿನ ಮುಂದಿದ್ದ ಹುಡುಗಿ.

"ಇರೋದ್ರಲ್ಲಿ ಕಮ್ಮೀದು ಯಾವುದಮ್ಮ?"

"ಶುಗರ್."

ಹೆಸರು, ವಿಳಾಸ, ಫೋನು ಬರೆಸಿ, ದುಡ್ಡು ಕಟ್ಟಿ, ಒಬ್ಬನ ಸಂಬಳ ಕೇಳುವುದಕ್ಕೆ ರಕ್ತ ಕೊಡಬೇಕಾಯಿತಲ್ಲಪ್ಪ ಎಂದು ಗೊಣಗುತ್ತಾ ಕದಿರೇಶನ ಮುಂದೆ ತೋಳು ಚಾಚಿದರು. ಹುಡುಗ ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಒಳ್ಳೆಯ ಕೈ ಅನ್ನಿಸಿತು. ಆ ಧೈರ್ಯದಲ್ಲೇ ಮಾತು ಹಾಕಿದರು: "ನಮ್ಮನೇಲೂ ಒಬ್ಬಳು ಮಗಳಿದಾಳಪ್ಪ."

ಕದಿರೇಶನ ಬೆನ್ನು ನೆಟ್ಟಗಾಯಿತು. ಹಿಂದಿದ್ದವರಿಗೆ "ಸ್ವಲ್ಪ ಕೂತಿರಿ" ಎಂದು ಕೈ ತೋರಿಸಿದ.

"ಕೈಗೆ ಎಷ್ಟು ಬರುತ್ತಪ್ಪ?"

"ಮೂವತ್ತೆಂಟು ಸಾವಿರ ಯಜಮಾನ್ರೇ."

"ಓದಿಗೆ ಅಂತ ಸಾಲ ಗೀಲ?"

"ಮಾಡಿದ್ದೆ. ಎರಡೇ ವರ್ಷಕ್ಕೆ ತೀರಿಸಿ ಬಿಸಾಕ್ದೆ."

ಶ್ರೀರಾಮಪ್ಪನವರ ಎದೆಯಿಂದ ರಾಗಿ ಮೂಟೆ ಇಳಿದಂತಾಯಿತು. ಮಗಳ ಆಸೆ ಮುರಿಯಬೇಕಾಗುತ್ತದೇನೋ ಎಂದು ವಾರದಿಂದ ಅವರು ಸರಿಯಾಗಿ ಉಂಡಿರಲಿಲ್ಲ. ಹೋಟೆಲಿಗೆ ನುಗ್ಗಿ ಎರಡು ಜಾಮೂನು ತಿಂದು, ನೇರ ಬ್ಯಾಂಕಿಗೆ ಹೋಗಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಅವರು ಪೆನ್ನು ಮುಚ್ಚುವಷ್ಟರಲ್ಲಿ ಮೊದಲನೇ ವರ್ಷದ ಫೀಸು ಕಾಲೇಜು ಸೇರಿತ್ತು.

ಸಂಜೆ ಮನೆ ಮುಂದೆ ಆಟೋ ನಿಂತಿತು. ಇಸ್ತ್ರಿ ಮಾಡಿದ ಶರಟಿನಲ್ಲಿ ಕದಿರೇಶ್ ಇಳಿದ. ಹಿಂದೆಯೇ ಹೂವು, ಬಾಳೆಹಣ್ಣು, ಲಾಡುಗಳ ತಟ್ಟೆ ಹಿಡಿದು ಅವನ ತಾಯಿ ವೆಂಕಟರತ್ನಮ್ಮ.

"ಅಡ್ರೆಸ್ಸು ನಿಮ್ಮ ಚೀಟೀಲೇ ಇತ್ತು" ಎಂದ ಕದಿರೇಶ್ ನಾಚುತ್ತಾ. "ರಿಪೋರ್ಟೂ ಕೊಟ್ಟಂಗಾಯ್ತು, ಹೆಣ್ಣೂ ನೋಡಿದಂಗಾಯ್ತು ಅಂತ."

ಕರೆಯದಿದ್ದರೂ ಬಂದ ಮುನಿಲಕ್ಷ್ಮಿ ಚಾಪೆ ಹಾಸಿದಳು. ಚನ್ನರಾಯಪ್ಪ ಗಂಡಿನ ಗೋತ್ರ ಕೇಳತೊಡಗಿದರು. ಒಳಗಿಂದ ಬಂದ ಶಿವಾನಿ, "ಅಪ್ಪಾ, ಯಾರಿಗೆ ಮದುವೆ?" ಎಂದಳು.

ಶ್ರೀರಾಮಪ್ಪನವರು ಎದ್ದು ಕೈ ಮುಗಿದರು. "ತಪ್ಪಾಯ್ತು ತಾಯಿ. ಇವಳು ಇನ್ನೂ ಓದಬೇಕು. ಈ ಓದಿಗೆ ಸಂಬಳ ಎಷ್ಟು ಅಂತ ತಿಳ್ಕೊಳ್ಳೋಕೆ ಹಂಗಂದೆ. ನಿಮ್ಮ ಹುಡುಗನ ಮಾತು ನಂಬಿ ಸಾಲಕ್ಕೆ ಸಹೀನೂ ಹಾಕಿ ಬಂದೆ."

ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತರು. ಬರಲಿಲ್ಲ. ನೋಡಿದರೆ ಕದಿರೇಶನ ಮುಖವೇ ಬಿಳಿಚಿಕೊಂಡಿತ್ತು.

"ಸಹಿ ಹಾಕ್ಬಿಟ್ರಾ? ಅಯ್ಯೋ, ಅದು ಹೆಣ್ಣಿನ ಮನೆಯೋರಿಗೆ ಹೇಳೋ ಸಂಬಳ ಯಜಮಾನ್ರೇ! ಓದಿಗೆ ಅಂತ ಕೇಳಿದ್ರೆ ನಿಜ ಹೇಳ್ತಿದ್ದೆ. ಬರೋದು ಹದಿನೇಳು."

"ಸಾಲ?"

"ಅರ್ಧಕ್ಕರ್ಧ ಹಂಗೇ ಇದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳಿದ್ದು ಎರಡೇ."

"ದೇವುಡಾ!" ಎಂದು ವೆಂಕಟರತ್ನಮ್ಮ ಹಣೆ ಚಚ್ಚಿಕೊಂಡರು. "ನಂಗೂ ಮೂವತ್ತೆಂಟು ಅಂತಲೇ ಹೇಳಿದ್ಯಲ್ಲೋ!"

"ಮುಂದೆ ಜಾಸ್ತಿ ಆಗಲ್ವಾ?" ಶಿವಾನಿ ಮೆಲ್ಲಗೆ ಕೇಳಿದಳು.

"ಆಗುತ್ತೆ ಅಂತಾರೆ. ಹೇಳೋರೂ ನನ್ನಂಥೋರೇ."

"ಕೆಲಸ ಇಷ್ಟಾನಾ?"

"ಅದ್ರಲ್ಲಿ ಸುಳ್ಳಿಲ್ಲ" ಎಂದ ಕದಿರೇಶ್. ಶಿವಾನಿಯ ಮುಖ ಅರಳಿತು. ಅದನ್ನು ನೋಡಿದ ಅಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹದಿನೇಳರಲ್ಲಿ ಹತ್ತು ಹೋದರೆ ಏಳು. ದಿಕ್ಕು ತೋಚದೆ ಅವರ ಕೈ ತಾನಾಗಿ ಲಾಡಿನ ತಟ್ಟೆಗೆ ಹೋಯಿತು.

ಕದಿರೇಶ್ ಗಬಕ್ಕನೆ ಆ ಕೈ ಹಿಡಿದುಕೊಂಡ. ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ರಿಪೋರ್ಟು ತೆಗೆದ.

"ಲಾಡು ಮಾತ್ರ ಬೇಡ ಯಜಮಾನ್ರೇ. ನಿಮ್ಮ ಶುಗರ್ ಮುನ್ನೂರ ಹತ್ತು."

ಮುನಿಲಕ್ಷ್ಮಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಶ್ರೀರಾಮಪ್ಪನವರು ಕೊನೆಯ ಆಸೆಯಿಂದ ಹುಡುಗನ ಮುಖ ನೋಡಿದರು.

"ಇದ್ರಲ್ಲೂ ಅರ್ಧ ಕಳೆದು ಲೆಕ್ಕ ಹಾಕ್ಬಹುದಲ್ವೇನಪ್ಪ?"

"ಇಲ್ಲ ಯಜಮಾನ್ರೇ" ಎಂದ ಕದಿರೇಶ್ ಬಹಳ ನೊಂದು. "ಇದು ನಾನು ಹೇಳಿದ್ದಲ್ಲ, ಮೆಷೀನು ಹೇಳಿದ್ದು."